ವಿಜಯನಗರದ ಬರಿದಾದ ಮನೆಗಳು

1565ರ ರಕ್ಕಸತಂಗಡಿ ಯುದ್ಧದ ಬಳಿಕ ವಿಜಯನಗರವು ಸುಲಿಗೆಗೊಳಗಾಗಿ ನೆಲಸಮವಾಯಿತೆಂಬುದು ರೂಢಿಯ ಮಾತು. 1567ರಲ್ಲಿ ಅಲ್ಲಿ ಏಳು ತಿಂಗಳು ತಂಗಿದ್ದ ವೆನಿಸ್ಸಿನ ವರ್ತಕ ಸೀಸರ್ ಫ್ರೆಡರಿಕ್ ಹೇಳುವುದು ಬೇರೆ: ನಗರವು ಪೂರ್ಣವಾಗಿ ನಾಶವಾಗಿರಲಿಲ್ಲ, ಮನೆಗಳು ನಿಂತೇ ಇದ್ದವು, ಆದರೆ ಬರಿದಾಗಿದ್ದವು. ಅವುಗಳಲ್ಲಿ ಹುಲಿ ಮೊದಲಾದ ಕಾಡುಮೃಗಗಳಿವೆಯೆಂಬ ಜನರ ಮಾತನ್ನೂ ಅವನು ದಾಖಲಿಸಿದ್ದಾನೆ.

ತಿರುಮಲರಾಯನು ನಗರದಲ್ಲಿ ಮತ್ತೆ ಜನರನ್ನು ನೆಲೆಗೊಳಿಸಲು ಯತ್ನಿಸಿ, ಕೊನೆಗೆ ರಾಜಧಾನಿಯನ್ನು ಪೆನುಗೊಂಡೆಗೆ ಒಯ್ದನು. ಅರಸನೊಡನೆ ವರ್ತಕರ, ಕುಶಲಕರ್ಮಿಗಳ ಬದುಕಿನ ಆಸರೆಯೂ ಹೋಯಿತು. ಮರ, ಇಟ್ಟಿಗೆ, ಗಾರೆಗಳ ಮನೆ ಒಕ್ಕಲಿಲ್ಲದೆ ಬಹುಕಾಲ ಬಾಳದು. ಉತ್ಖನನದಲ್ಲಿ ದೊರೆತವು ಹೆಚ್ಚಾಗಿ ಅವುಗಳ ಕಲ್ಲಿನ ತಳಪಾಯಗಳೇ. ಇರುಗಪ್ಪ ದಂಡನಾಯಕನು 1385ರಲ್ಲಿ ಶಿಲೆಯಲ್ಲಿ ಕಟ್ಟಿಸಿದ ಕುಂಥುಜಿನಾಲಯ, ಅಂದರೆ ಗಾಣಗಿತ್ತಿ ಬಸದಿ, ಇಂದಿಗೂ ನಿಂತಿದೆ. ಹಂಪೆಯನ್ನು ಹಾಳಾಗಿಸಿದ್ದು ಶತ್ರುವಿನ ಕೊಳ್ಳಿಯೊಂದೇ ಅಲ್ಲ, ಮರಳಿ ಬಾರದ ಒಕ್ಕಲೂ ಹೌದು.