ಎರಡು ಬಾರಿ ಪರೀಕ್ಷೆಗೆ ಕುಳಿತ ಪಾದ್ರಿ



ಮೆಂಡೆಲ್‌ನ ನಿಯಮಗಳನ್ನು ಬರೆದು ಒಳ್ಳೆಯ ಅಂಕ ಗಳಿಸಿದವರು ನಿಮ್ಮಲ್ಲಿ ಹಲವರಿರಬಹುದು. ಬಿ.ಎಸ್ಸಿ. ಓದುವಾಗ ನಾನೂ 3:1 ಅನುಪಾತವನ್ನು ಉರುಹೊಡೆದವನೇ. ಆದರೆ ಆ ಮೆಂಡೆಲ್ ಜೀವವಿಜ್ಞಾನದಲ್ಲಿಯೇ ನಪಾಸಾಗಿದ್ದನೆಂದು ನಮಗೆ ಯಾರೂ ಹೇಳಿರಲಿಲ್ಲ.

ಗ್ರೆಗರ್ ಮೆಂಡೆಲ್ 1822ರಲ್ಲಿ ಆಗಿನ ಆಸ್ಟ್ರಿಯಾ ಸಾಮ್ರಾಜ್ಯದ ಒಂದು ರೈತ ಕುಟುಂಬದಲ್ಲಿ ಹುಟ್ಟಿದ. ಓದಿಗೆ ಹಣ ಸಾಲದಾದಾಗ ತಂಗಿ ತೆರೇಸಿಯಾ ತನ್ನ ವರದಕ್ಷಿಣೆಯ ಹಣದಲ್ಲಿ ಒಂದು ಪಾಲನ್ನು ಅಣ್ಣನಿಗೆ ಬಿಟ್ಟುಕೊಟ್ಟಳು. 1843ರಲ್ಲಿ ಅವನು ಬ್ರನೋ ನಗರದ ಸಂತ ಥಾಮಸರ ಕ್ರೈಸ್ತ ಮಠ ಸೇರಿದ. ರೋಗಿಗಳ ನರಳಾಟ ಕಂಡು ತಾನೇ ಕಾಯಿಲೆ ಬೀಳುವಷ್ಟು ಮೃದು ಸ್ವಭಾವ ಅವನದು. ಹೀಗಾಗಿ ಮಠಾಧಿಪತಿ ನಾಪ್ 1849ರಲ್ಲಿ ಅವನನ್ನು ಶಾಲೆಯೊಂದಕ್ಕೆ ತಾತ್ಕಾಲಿಕ ಶಿಕ್ಷಕನಾಗಿ ಕಳುಹಿಸಿದರು. ಪಾಠವೇನೋ ಚೆನ್ನಾಗಿಯೇ ಮಾಡಿದ. ಕಾಯಂ ಆಗಲು ಅರ್ಹತಾ ಪರೀಕ್ಷೆ ಬೇಕಿತ್ತು.

1850ರ ಪರೀಕ್ಷೆಯಲ್ಲಿ ಭೌತವಿಜ್ಞಾನದ ಪರೀಕ್ಷಕರಿಗೆ ಅವನ ಬರಹ ಒಪ್ಪಿಗೆಯಾಯಿತು. ಪ್ರಕೃತಿ ವಿಜ್ಞಾನದ ಪರೀಕ್ಷಕರಿಗೆ ಆಗಲಿಲ್ಲ. ಸಸ್ತನಿಗಳ ವರ್ಗೀಕರಣದ ಪ್ರಶ್ನೆಯಲ್ಲಂತೂ ಅವನು ಪೂರಾ ಮುಗ್ಗರಿಸಿದ. ಪುಸ್ತಕ ನೋಡಿಕೊಂಡು ತಾನೇ ಕಲಿತದ್ದರ ಫಲವದು.

ನಾಪ್ ಅವರು ಬೈಯಬಹುದಿತ್ತು, ಮಠದ ಪೂಜೆಗೆ ಹಿಂದಕ್ಕೆ ಕರೆಯಬಹುದಿತ್ತು. ಅವರು ಮಾಡಿದ್ದೇ ಬೇರೆ. 1851ರಲ್ಲಿ ಮಠದ ಖರ್ಚಿನಲ್ಲಿಯೇ ಮೆಂಡೆಲ್‌ನನ್ನು ವಿಯೆನ್ನಾ ವಿಶ್ವವಿದ್ಯಾಲಯಕ್ಕೆ ಕಳುಹಿಸಿದರು! ಇಪ್ಪತ್ತೊಂಬತ್ತರ ಪಾದ್ರಿ ಮತ್ತೆ ವಿದ್ಯಾರ್ಥಿಯಾದ. ಡಾಪ್ಲರ್ ಪರಿಣಾಮದ ಹೆಸರು ಕೇಳಿದ್ದೀರಲ್ಲ, ಆ ಡಾಪ್ಲರ್ ಅವನಿಗೆ ಭೌತವಿಜ್ಞಾನದ ಗುರು. ಎಟಿಂಗ್ಸ್‌ಹೌಸನ್ ಅವರಲ್ಲಿ ಸಂಯೋಜನೆಗಳ ಗಣಿತದ ಪರಿಚಯವಾಯಿತು. ಸಸ್ಯವಿಜ್ಞಾನ ಕಲಿಸಿದವರು ಉಂಗರ್. ಪರೀಕ್ಷೆಯ ಕೊರತೆ ತುಂಬಲೆಂದು ಹೋದವನಿಗೆ, ಗಿಡಗಳನ್ನು ಎಣಿಸಿ ನೋಡುವ ಕಣ್ಣು ಅಲ್ಲಿ ದೊರೆಯಿತು ಎಂಬುದು ನನ್ನ ಅಭಿಪ್ರಾಯ.

ಇಷ್ಟಾದ ಮೇಲೆ ಪಾಸಾದನೇ ಎಂದು ಕೇಳುತ್ತೀರಿ. ಇಲ್ಲ. 1856ರಲ್ಲಿ ಮತ್ತೆ ಪರೀಕ್ಷೆಗೆ ಕುಳಿತ. ಅಸ್ವಸ್ಥನಾಗಿ ನಡುವೆಯೇ ಎದ್ದುಬಂದ. ಆ ಅರ್ಹತಾ ಪತ್ರ ಅವನ ಕೈಗೆ ಕೊನೆಗೂ ಬರಲಿಲ್ಲ.

ಅದೇ 1856ರಲ್ಲಿ ಮಠದ ತೋಟದಲ್ಲಿ ಬಟಾಣಿ ಗಿಡಗಳ ಸಂಕರಣ ಆರಂಭವಾಯಿತು. ಎಂಟು ವರ್ಷ, ಸುಮಾರು 28,000 ಗಿಡಗಳು. ಒಂದು ಪ್ರಯೋಗದಲ್ಲಿ ಎಣಿಸಿದ 7,324 ಬೀಜಗಳಲ್ಲಿ 5,474 ದುಂಡಗಿದ್ದವು, 1,850 ಸುಕ್ಕುಗಟ್ಟಿದ್ದವು. (ನಪಾಸಾದ ಇಸವಿಯೂ 1850, ಕಾಕತಾಳೀಯವೆನ್ನಿ!) ಭಾಗಿಸಿ ನೋಡಿ, ನಿಮ್ಮ 3:1 ಸಿಗುತ್ತದೆ. 1865ರಲ್ಲಿ ಊರಿನ ವಿಜ್ಞಾನ ಸಂಘದಲ್ಲಿ ಇದನ್ನು ಓದಿದ, ಮರುವರ್ಷ ಅಚ್ಚಾಯಿತು. ಅದರ ಬೆಲೆ ಲೋಕಕ್ಕೆ ತಿಳಿದದ್ದು 1900ರಲ್ಲಿ, ಅವನು ತೀರಿಕೊಂಡು ಹದಿನಾರು ವರ್ಷಗಳ ಮೇಲೆ.

1868ರಲ್ಲಿ ಮಠಾಧಿಪತಿಯಾಗುವವರೆಗೂ ಅವನು ತಾತ್ಕಾಲಿಕ ಶಿಕ್ಷಕನೇ. ತಂಗಿಯ ಹಣವನ್ನು ಮಾತ್ರ ಮರೆಯಲಿಲ್ಲ. ಅವಳ ಗಂಡುಮಕ್ಕಳ ಓದಿಗೆ ನೆರವಾದ; ಅವರಲ್ಲಿ ಇಬ್ಬರು ವೈದ್ಯರಾದರು.