‘ದಿ ಹಾಂಟೆಡ್ ಪ್ಯಾಲೇಸ್’ (1963): ಆಕರದ ಬಗ್ಗೆ ಒಂದು ಟಿಪ್ಪಣಿ

1. ಶೀರ್ಷಿಕೆ ಮತ್ತು ಆಕರ

ರೋಜರ್ ಕಾರ್ಮನ್ ನಿರ್ದೇಶನದ ಈ ಭಯಾನಕ ಚಿತ್ರ ಎಡ್ಗರ್ ಅಲನ್ ಪೋ ಹೆಸರಿನಲ್ಲಿ ತೆರೆಗೆ ಬಂದಿತು. ಆದರೆ ಪೋನಿಂದ ಪಡೆದದ್ದು 1839ರ ಒಂದು ಕವಿತೆಯ ಶೀರ್ಷಿಕೆ ಮತ್ತು ಕೆಲವು ಸಾಲುಗಳು ಮಾತ್ರ. ಕಥಾವಸ್ತು ಎಚ್. ಪಿ. ಲವ್‌ಕ್ರಾಫ್ಟ್‌ನ ‘ದಿ ಕೇಸ್ ಆಫ್ ಚಾರ್ಲ್ಸ್ ಡೆಕ್ಸ್‌ಟರ್ ವಾರ್ಡ್’ ಕಿರುಕಾದಂಬರಿಯದು. ಇದರ ರಚನೆ 1927ರ ಆರಂಭದಲ್ಲಿ. ಅಚ್ಚಾದದ್ದು ಲೇಖಕನ ಮರಣದ (1937) ನಂತರ, ‘ವಿಯರ್ಡ್ ಟೇಲ್ಸ್’ ಪತ್ರಿಕೆಯ 1941ರ ಮೇ ಮತ್ತು ಜುಲೈ ಸಂಚಿಕೆಗಳಲ್ಲಿ, ಅದೂ ಸಂಕ್ಷಿಪ್ತ ರೂಪದಲ್ಲಿ. ಪೂರ್ಣ ಪಾಠ ಹೊರಬಂದದ್ದು 1943ರಲ್ಲಿ. ಕಾರ್ಮನ್‌ನ ಪೋ ಮಾಲಿಕೆಯಲ್ಲಿ ಇದನ್ನು ಆರನೆಯದಾಗಿ ಎಣಿಸುವ ರೂಢಿ ವ್ಯಾಪಾರದ ಲೆಕ್ಕಕ್ಕೆ ಸರಿ, ಆಕರದ ಲೆಕ್ಕಕ್ಕೆ ಸಲ್ಲದು.

2. ವ್ಯತ್ಯಾಸಗಳು

ಕಾದಂಬರಿಯ ಊರು ಪ್ರಾವಿಡೆನ್ಸ್, ಚಿತ್ರದ್ದು ಆರ್ಖಮ್. ಮಾಂತ್ರಿಕ ಜೋಸೆಫ್ ಕರ್ವೆನ್‌ನ ಮೇಲೆ ಊರವರು ಏರಿಹೋಗುವುದು ಕಾದಂಬರಿಯಲ್ಲಿ 1771ರಲ್ಲಿ. ಚಿತ್ರದಲ್ಲಿ 1765ರಲ್ಲೇ ಅವನನ್ನು ಜೀವಂತ ಸುಡುತ್ತಾರೆ. ವಂಶಜ ವಾರ್ಡ್‌ನ ಪ್ರಕರಣ ಮೂಲದಲ್ಲಿ 1928ಕ್ಕೆ ಮುಗಿಯುತ್ತದೆ (ಬರೆದ ವರ್ಷಕ್ಕಿಂತ ಒಂದು ವರ್ಷ ಮುಂದೆ ಎಂಬುದು ಗಮನಾರ್ಹ), ಚಿತ್ರದಲ್ಲಿ 1875. ಅವಿವಾಹಿತ ಯುವಕ ಇಲ್ಲಿ ಮಧ್ಯವಯಸ್ಕ ಗೃಹಸ್ಥ.

ಇವು ಮೇಲ್ಮೈಯ ಬದಲಾವಣೆಗಳು. ಮೂಲದಲ್ಲಿ ಕರ್ವೆನ್ ಸ್ವಂತ ದೇಹದಲ್ಲೇ ಮರುಜೀವ ಪಡೆದು, ತನ್ನನ್ನೇ ಹೋಲುವ ವಾರ್ಡ್‌ನನ್ನು ಕೊಂದು, ಅವನ ಜಾಗದಲ್ಲಿ ಕೂರುತ್ತಾನೆ. ಗುಟ್ಟು ರಟ್ಟಾಗುವುದು ಬಹುಮಟ್ಟಿಗೆ ಕಾಗದಪತ್ರಗಳಿಂದ, ಮುಖ್ಯವಾಗಿ ಕೈಬರಹದಿಂದ. ಚಿತ್ರದಲ್ಲಿ ಅವನು ಭಾವಚಿತ್ರದ ಮೂಲಕ ವಾರ್ಡ್‌ನ ಮೈಮೇಲೆ ಬರುತ್ತಾನೆ. ಎರಡೂ ಪಾತ್ರ ವಿನ್ಸೆಂಟ್ ಪ್ರೈಸ್‌ನದೇ. ಕೈಬರಹ ಮಾಡುತ್ತಿದ್ದ ಕೆಲಸ ಹೀಗೆ ಮುಖಕ್ಕೆ ವರ್ಗವಾಗಿದೆ ಎನ್ನಬಹುದು. ಪ್ರೈಸ್ ಚಿತ್ರಪಟದತ್ತ ನೋಡುತ್ತಿದ್ದಂತೆ ಕಣ್ಣಿನ ಸೌಜನ್ಯ ಇಂಗಿ, ದನಿ ಒಣಗಿ, ವ್ಯಂಗ್ಯ ಮೂಡುತ್ತದೆ. ಚರ್ಮಕ್ಕೆ ಬೂದುಹಸಿರು ಬಣ್ಣ ಬಳಿದಿರುವುದು ಕಾಣುತ್ತದೆ, ಆದರೆ ಅದು ಇಲ್ಲದಿದ್ದರೂ ನಡೆಯುತ್ತಿತ್ತು.

3. ದೋಷಗಳು

ಚಿತ್ರದಲ್ಲಿ ಬಾವಿಯೊಳಗೊಂದು ಪ್ರಾಣಿಯಿದೆ, ಅದು ಅಲುಗಾಡುವುದೇ ಕಡಿಮೆ. ಬಿಂಬವನ್ನು ನೀರಿನಲ್ಲಿ ಕಂಡಂತೆ ಕದಡಿ ತೋರಿಸಿರುವುದು ಬಹುಶಃ ಆ ಕೊರತೆಯನ್ನು ಮರೆಸಲಿಕ್ಕೆ. ದೂರದ ಅರಮನೆ ಬಣ್ಣದಲ್ಲಿ ಬರೆದ ಚಿತ್ರ, ಬೀದಿಯ ಮಂಜು ಸ್ಟುಡಿಯೋದ್ದು. ಆದರೂ ಆ ಮಂಜಿನಲ್ಲೇ ವಿರೂಪಗೊಂಡ ಊರವರು, ಕಣ್ಣೇ ಇಲ್ಲದ ಹುಡುಗಿಯೊಬ್ಬಳೂ ಸೇರಿ, ವಾರ್ಡ್ ದಂಪತಿಯನ್ನು ಸದ್ದಿಲ್ಲದೆ ಸುತ್ತುವರಿಯುವ ದೃಶ್ಯ ಇಂದಿಗೂ ಕೆಲಸ ಮಾಡುತ್ತದೆ. ಛಾಯಾಗ್ರಾಹಕ ಫ್ಲಾಯ್ಡ್ ಕ್ರಾಸ್ಬಿ ಮೂಕಿಚಿತ್ರಗಳ ಕಾಲದಿಂದ ಬಂದವರು. ಹಳೆಯ ಕಾಲದ ಈ ಸೊಗಸಿನಲ್ಲಿ ಅವರ ಪಾಲೆಷ್ಟು, ಕಲಾ ನಿರ್ದೇಶಕ ಡೇನಿಯಲ್ ಹ್ಯಾಲರ್ ಪಾಲೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಮುಂದೆ ಹ್ಯಾಲರ್ ತಾವೇ ಲವ್‌ಕ್ರಾಫ್ಟ್ ಕಥೆಗಳನ್ನು ಆಧರಿಸಿ ಎರಡು ಚಿತ್ರಗಳನ್ನು (1965, 1970) ನಿರ್ದೇಶಿಸಿದರು. ಅವುಗಳಲ್ಲಿ ಪ್ರೈಸ್ ಇಲ್ಲ, ಆ ಕೊರತೆ ಎದ್ದು ಕಾಣುತ್ತದೆ.