ತೊಟ್ಟಿಲ ಪಕ್ಕದ ಸೂಜಿ

'ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು' ಎಂಬ ಗಾದೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಆತುರಗಾರರನ್ನು ಗೇಲಿ ಮಾಡಲು ನಾವು ಇದನ್ನು ಬಳಸುತ್ತೇವೆ. ಮತ ಎಣಿಕೆಗೆ ಮೊದಲೇ ಮಂತ್ರಿಮಂಡಲ ರಚಿಸುವವರ ಬಗ್ಗೆ ಬರೆಯುವ ಪತ್ರಕರ್ತರಿಗಂತೂ ಇದು ಬಾಯಿಪಾಠ. ಆದರೆ ಗಾದೆಯೊಳಗೆ ಸೂಜಿ ಹಿಡಿದು ಕುಳಿತ ಹೆಂಗಸಿನ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಕೂಸು ಹುಟ್ಟುವ ಮುಂಚೆ ಹೊಲಿಯದೆ ಆಕೆ ಇನ್ನು ಯಾವಾಗ ಹೊಲಿಯಬೇಕು? ಹುಟ್ಟಿದ ಮೇಲೆ ಕೈಗೆ ಬಿಡುವೆಲ್ಲಿದೆ? ಈ ಗಾದೆಯನ್ನು ಕಟ್ಟಿದವರು ಕೂಸು ಸಾಕಿದವರಂತೂ ಇರಲಾರರು.

ಕುಲಾವಿಯೆಂದರೆ ಎಳೆಗೂಸಿನ ತಲೆಗೆ ತೊಡಿಸಿ ಗದ್ದದ ಕೆಳಗೆ ದಾರ ಕಟ್ಟುವ ಹೊಲಿದ ಟೋಪಿ. ಬೆನ್ನಿನ ತನಕ ಇಳಿಬಿದ್ದರೆ ಅದು ಕುಂಚಿಗೆ. ತವರಿನಿಂದ ತೊಟ್ಟಿಲ ಜೊತೆ ಬರಬೇಕಾದ ವಸ್ತುಗಳಲ್ಲಿ ಇವೂ ಸೇರಿವೆ. ಇಷ್ಟು ಮನೆಮಾತಾದ ಕುಲಾವಿ ಎಂಬ ಪದ ಮೂಲತಃ ಕನ್ನಡದ್ದಲ್ಲ. ಅದು ಟೋಪಿಗೆ ಪಾರಸಿಯಲ್ಲಿರುವ 'ಕುಲಾಹ್' ಎಂಬ ಪದ. ನಮ್ಮಲ್ಲಿ ಅದು ಕುಲ್ಲಾಯಿ, ಕುಲಾಯಿ, ಕುಲಾವಿ ಎಂದೆಲ್ಲ ನಾಲಗೆಗೆ ಒಗ್ಗಿತು. ಅತ್ತ ಹಿಂದಿಯಲ್ಲೂ ಮಗುವಿನ ಟೋಪಿ 'ಕುಲಹೀ' ಆಯಿತು.

ಈ ಪದದ ಹಳೆಯ ಹೆಜ್ಜೆಗಳನ್ನು ಹುಡುಕಿಕೊಂಡು ಹೊರಟರೆ ನಾವು ಹಂಪಿಗೆ ಬಂದು ನಿಲ್ಲುತ್ತೇವೆ. ವಿಜಯನಗರದ ಆಸ್ಥಾನದಲ್ಲಿ ಗಣ್ಯರು ತೊಡುತ್ತಿದ್ದ ಎತ್ತರದ ಶಂಕುವಿನಾಕಾರದ ಟೋಪಿಯೇ ಕುಲ್ಲಾಯಿ. ಅದರ ಜೊತೆಗಿನ ಉದ್ದ ಅಂಗಿ ಕಬಾಯಿ. ಅದು ಅರಬಿಯ 'ಕಬಾ'ದಿಂದ ಬಂದ ಪದ. ಸುಮಾರು 1520ರಲ್ಲಿ ಹಂಪಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕೃಷ್ಣದೇವರಾಯನ ತಲೆಯ ಮೇಲಿದ್ದ ಜರಿಯ ಟೋಪಿಯನ್ನು ನೋಡಿ, ಗಲೀಸಿಯಾದ ಶಿರಸ್ತ್ರಾಣಕ್ಕೆ ಹೋಲಿಸಿ ಬರೆದಿಟ್ಟಿದ್ದಾನೆ. ತಿರುಮಲೆಯಲ್ಲಿ ಇಬ್ಬರು ರಾಣಿಯರ ಜೊತೆ ಕೈಮುಗಿದು ನಿಂತಿರುವ ರಾಯನ ಲೋಹದ ಮೂರ್ತಿಯ ತಲೆಯಲ್ಲೂ ಅಂಥದೇ ಟೋಪಿಯಿದೆ. ಪ್ರೌಢದೇವರಾಯನ ಆಸ್ಥಾನಕ್ಕೆ ಬಂದ ತೆಲುಗು ಕವಿ ಶ್ರೀನಾಥ ಕುಲ್ಲಾಯಿ ಹಾಕಿಕೊಳ್ಳಬೇಕಾಗಿ ಬಂದ ತನ್ನ ಪಾಡನ್ನು ಹೇಳಿಕೊಂಡ ಒಂದು ಚಾಟು ಪದ್ಯವೂ ಪ್ರಸಿದ್ಧವಾಗಿದೆ. ಉಡುಪಿಗೆ ಜಾತಿ ಧರ್ಮ ಹಚ್ಚಿ ಜಗಳಕ್ಕೆ ನಿಲ್ಲುವ ನಮ್ಮ ಕಾಲದವರು ಇದನ್ನೊಮ್ಮೆ ನೆನೆಯಬೇಕು. ಅದೇ ದೇವರಾಯನ ಸೇವೆಯಲ್ಲಿದ್ದ ಅಹ್ಮದ್ ಖಾನ್ 1439ರಲ್ಲಿ ಹಂಪಿಯಲ್ಲಿ ಕಟ್ಟಿಸಿದ ಮಸೀದಿ ಇಂದಿಗೂ ನಿಂತಿದೆ. ಅದರ ಶಾಸನ ಆ ಕಟ್ಟಡವನ್ನು 'ಧರ್ಮಸಾಲೆ' ಎಂದೇ ಕರೆಯುತ್ತದೆ.

ರಾಜನ ತಲೆಯ ಮೇಲಿದ್ದ ಟೋಪಿಯ ಹೆಸರು ಕೂಸಿನ ತಲೆಗೆ ಹೇಗೆ ಇಳಿಯಿತು? ಇದನ್ನು ಯಾವ ಶಾಸನವೂ ಹೇಳುವುದಿಲ್ಲ. ಅರಮನೆ ಬಿದ್ದ ಮೇಲೆ ಅರಮನೆಯ ಬಟ್ಟೆ ಮದುವೆಗೆ, ಹಬ್ಬಕ್ಕೆ, ಕೊನೆಗೆ ಮಕ್ಕಳ ಮೈಮೇಲೆ ಉಳಿಯುವುದು ಲೋಕರೂಢಿ. ಇಲ್ಲಿಯೂ ಹಾಗೇ ಆಗಿರಬೇಕೆಂದು ನಮಗೆ ತೋರುತ್ತದೆ. ರಾಯನ ಟೋಪಿಯನ್ನು ಹೊಲಿದ ದರ್ಜಿಯ ಹೆಸರು ನಮಗೆ ತಿಳಿದಿಲ್ಲ. ಆದರೆ ಅದರ ಹೆಸರನ್ನು ಐದು ಶತಮಾನ ಉಳಿಸಿದ್ದು ದರ್ಜಿಗಳಲ್ಲ, ತೊಟ್ಟಿಲ ಪಕ್ಕದಲ್ಲಿ ಕುಳಿತು ಹೊಲಿದ ತಾಯಂದಿರು, ಅಜ್ಜಿಯರು.

ದಖ್ಖನಿನ ಮುಸ್ಲಿಮ್ ಮನೆಗಳಲ್ಲೂ ಟೋಪಿಗೂ ಮಗುವಿಗೂ ಇಂಥದೇ ನಂಟಿದೆ. ಮಗುವಿಗೆ ನಾಲ್ಕು ವರ್ಷ, ನಾಲ್ಕು ತಿಂಗಳು, ನಾಲ್ಕು ದಿನ ತುಂಬಿದಾಗ ಅಕ್ಷರಾಭ್ಯಾಸಕ್ಕೆ ಸಮನಾದ 'ಬಿಸ್ಮಿಲ್ಲಾ' ನಡೆಸುವ ವಾಡಿಕೆಯನ್ನು ದಖ್ಖನಿನ ಮುಸ್ಲಿಮರ ಬದುಕನ್ನು ವರ್ಣಿಸುವ, 1832ರಲ್ಲಿ ಪ್ರಕಟವಾದ ಜಾಫರ್ ಷರೀಫರ 'ಕಾನೂನೆ ಇಸ್ಲಾಮ್' ವಿವರವಾಗಿ ದಾಖಲಿಸಿದೆ. ಅಂಥ ದಿನಕ್ಕೆ ಹೊಸ ಬಟ್ಟೆ, ಹೊಸ ಟೋಪಿ ಬೇಕೇ ಬೇಕು. ಬಿಳಿ ನೂಲಿನಲ್ಲಿ ಕ್ರೋಶಾ ಕಡ್ಡಿಯಿಂದ ಟೋಪಿ ಹೆಣೆಯುವುದು ಎಷ್ಟೋ ಮನೆಗಳ ಮಧ್ಯಾಹ್ನದ ಕೆಲಸವಾಗಿತ್ತು. ಈಗ ಮಸೀದಿಯೆದುರಿನ ಅಂಗಡಿಯಲ್ಲಿ ಯಂತ್ರದ ಟೋಪಿ ಅಗ್ಗಕ್ಕೆ ಸಿಗುತ್ತದೆ.

ಎರಡು ಕಡ್ಡಿಯ ಉಣ್ಣೆ ಹೆಣಿಗೆಯ ಚರಿತ್ರೆ ನಮ್ಮ ಬಯಲುಸೀಮೆಯಲ್ಲಿ ದೀರ್ಘವಾದುದಲ್ಲ. 19ನೇ ಶತಮಾನದ ಮಿಷನರಿ ಹೆಣ್ಣುಮಕ್ಕಳ ಶಾಲೆಗಳು ಅದನ್ನು ಪಾಠದ ಭಾಗ ಮಾಡಿದವು; ಅಲ್ಲಿಂದ ಅದು ನೌಕರದಾರರ ಮನೆಗಳಿಗೆ ಹಬ್ಬಿತು. ನಮ್ಮ ಕಡೆಯ ಕುರಿಯ ಉಣ್ಣೆ ಒರಟು. ಅದನ್ನು ಹೆಂಗಸರು ನೂತರು, ಗಂಡಸರು ಕಂಬಳಿ ನೇಯ್ದರು. ಕಂಬಳಿ ಹೊದ್ದ ನಾಡಿಗೆ ಸ್ವೆಟರಿನ ಅಗತ್ಯ ಬಹುಕಾಲ ಬೀಳಲಿಲ್ಲ. ಎಳೆಗೂಸಿನ ಮೈಗೆ ಹಿತವಾಗಿದ್ದದ್ದು ಹಳೆಯ ಹತ್ತಿ ಸೀರೆಯ ಕೌದಿ.

ಕೌದಿಯ ಬಗ್ಗೆ ಇಲ್ಲಿ ಸ್ವಲ್ಪ ನಿಲ್ಲಬೇಕು. ಸವೆದ ಸೀರೆ, ಧೋತರ, ಮಗುವಿಗೆ ಗಿಡ್ಡವಾದ ಅಂಗಿ ಇವನ್ನೆಲ್ಲ ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನಿಟ್ಟು, ಅಂಚಿನಿಂದ ನಡುವಿನ ಕಡೆಗೆ ಸಾಲು ಸಾಲಾಗಿ ಹೊಲಿಗೆ ಓಡಿಸುತ್ತಾರೆ. ಇದಕ್ಕೆ ಚಿಕ್ಕ ಮಗುವಿರುವ ಮನೆಯೇ ತಕ್ಕದ್ದು. ಯಾಕೆಂದರೆ ಈ ಕೆಲಸವನ್ನು ಯಾವ ಗಳಿಗೆಯಲ್ಲಿ ಬೇಕಾದರೂ ನಿಲ್ಲಿಸಬಹುದು. ಮಗು ಅತ್ತರೆ ಸೂಜಿಯನ್ನು ಬಟ್ಟೆಗೆ ಚುಚ್ಚಿ ಏಳಬಹುದು. ಮಲಗಿದ ಮೇಲೆ ಬಂದು ಅದೇ ಹೊಲಿಗೆಯಿಂದ ಮುಂದುವರಿಸಬಹುದು. ಮಗು ಕೌದಿಯ ಮೇಲೆಯೇ ಮಲಗಿದ್ದರೆ ಇನ್ನೊಂದು ಮೂಲೆಯಿಂದ ಹೊಲಿಯಬಹುದು. ನಮ್ಮ ನಾಡಿನ ಮನೆಕಸುಬುಗಳ ರೂಪವನ್ನು ತೀರ್ಮಾನಿಸಿದವರಲ್ಲಿ ಎಳೆಮಕ್ಕಳೂ ಇದ್ದಾರೆ ಎಂದರೆ ಅತಿಶಯೋಕ್ತಿಯಾಗದು. ತಡೆದು ತಡೆದು ಮಾಡಬಹುದಾದ ಕೆಲಸವೇ ಅವರ ಸಮ್ಮುಖದಲ್ಲಿ ಉಳಿಯಿತು. ಉತ್ತರ ಕನ್ನಡದ ಸಿದ್ದಿ ಹೆಂಗಸರು ಕೌದಿಯ ಮೂಲೆಗಳಲ್ಲಿ 'ಫೂಲ' ಎಂಬ ಮಡಿಸಿದ ಬಟ್ಟೆಯ ಹೂವಿಡುತ್ತಾರೆ. ಅವರಲ್ಲಿ ಮುಸ್ಲಿಮರೂ, ಹಿಂದೂಗಳೂ, ಕ್ರೈಸ್ತರೂ ಇದ್ದಾರೆ. ಹೊಲಿಗೆ ಮಾತ್ರ ಒಂದೇ.

ಹೊಸಪೇಟೆಯ ಮಗ್ಗುಲಲ್ಲಿರುವ ಟಿ.ಬಿ. ಡ್ಯಾಮಿನ ಚರಿತ್ರೆಯಲ್ಲಿ ಎಲ್ಲಕ್ಕೂ ಲೆಕ್ಕವಿದೆ. 1945ರಲ್ಲಿ ಹೈದರಾಬಾದ್ ಮತ್ತು ಮದ್ರಾಸ್ ಸರಕಾರಗಳು ಸೇರಿ ಅಡಿಗಲ್ಲಿಟ್ಟವು; 1953ರಲ್ಲಿ ನೀರು ನಿಂತಿತು. 33 ಗೇಟುಗಳಿಗೂ ಸಂಖ್ಯೆಗಳಿವೆ. 2024ರ ಆಗಸ್ಟ್ 10ರ ರಾತ್ರಿ ಸರಪಳಿ ಕಡಿದು ಕೊಚ್ಚಿಹೋದದ್ದು 19ನೆಯದು ಎಂದು ಇಡೀ ರಾಜ್ಯಕ್ಕೆ ಗೊತ್ತು. ಮುಳುಗಿದ ಹಳ್ಳಿಗಳು ಸುಮಾರು 90. ಆದರೆ ಆ ಹಳ್ಳಿಗಳಿಂದ ಹೊರಟ ಬಂಡಿಗಳಲ್ಲಿ ಏನಿತ್ತು ಎಂಬುದಕ್ಕೆ ಲೆಕ್ಕವಿಲ್ಲ. ಕಂಕುಳಲ್ಲಿ ಕೂಸಿರುವ ಹೆಂಗಸು ಕೌದಿಯನ್ನು ಬಿಟ್ಟು ಬಂದಿರಲಾರಳು ಎಂದು ಊಹಿಸಲು ದಾಖಲೆಯೇನೂ ಬೇಕಿಲ್ಲ.

ಈ ಸೀಮೆಯಲ್ಲಿ ಮನೆಯ ಸೂಜಿಗೆ ದಾಖಲೆ ಸಿಕ್ಕಿದ್ದು ಒಂದೇ ಕಡೆ: ಸಂಡೂರಿನಲ್ಲಿ. ಅಲ್ಲಿನ ಲಂಬಾಣಿ ಹೆಂಗಸರ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ದೊರೆಯಿತು.

ಲಂಬಾಣಿಗಳು ಎತ್ತಿನ ಮೇಲೆ ಧಾನ್ಯ, ಉಪ್ಪು ಹೇರಿಕೊಂಡು ದೇಶ ಸುತ್ತಿದವರು. ಮೊಗಲರ ದಂಡಿಗೂ, ಟಿಪ್ಪುವಿನ ವಿರುದ್ಧ ಹೊರಟ ಇಂಗ್ಲಿಷರ ದಂಡಿಗೂ ಅನ್ನ ತಲುಪಿಸಿದವರು. 19ನೇ ಶತಮಾನದಲ್ಲಿ ರಸ್ತೆ, ರೈಲು ಬಂದು ಅವರ ಕಸುಬನ್ನು ಕಿತ್ತುಕೊಂಡವು. 1871ರ ಕಾಯ್ದೆಯಡಿ ಅನೇಕ ಅಲೆಮಾರಿ ಸಮುದಾಯಗಳಂತೆ ಇವರ ಮೇಲೂ ಹಲವೆಡೆ 'ಅಪರಾಧಿ ಬುಡಕಟ್ಟು' ಎಂಬ ಹಣೆಪಟ್ಟಿ ಬಿತ್ತು. ಆ ಹಣೆಪಟ್ಟಿ ಅಧಿಕೃತವಾಗಿ ಕಳಚಿದ್ದು 1952ರಲ್ಲಿ. ಇಷ್ಟೆಲ್ಲದರ ನಡುವೆಯೂ ತಾಂಡಾದ ಹೆಂಗಸರ ಫೇಟಿಯಾ, ಕಾಂಚಳಿಗಳ ಮೇಲೆ ಕನ್ನಡಿ, ಕವಡೆ, ನಾಣ್ಯಗಳು ಉಳಿದವು. ಕೀಲಣ, ವೇಲೆ, ಬಕ್ಯಾ, ಮಾಕಿ, ರೇಲೋ ಎಂದು ಹೆಸರಿರುವ 14 ಬಗೆಯ ಹೊಲಿಗೆಗಳನ್ನು ಎಣಿಸುತ್ತಾರೆ. ಅವುಗಳಲ್ಲಿ ಒಂದರ ಹೆಸರೇ ಕೌದಿ. ಕಲಿಸುತ್ತಿದ್ದವಳು ತಾಯಿ, ಕಲಿಯುತ್ತಿದ್ದವಳು ಮಗಳು. ಅದಕ್ಕೊಂದು ಶಾಲೆ, ಪುಸ್ತಕ ಎಂದೇನೂ ಇರಲಿಲ್ಲ. ಮಗಳು ತನ್ನ ಮದುವೆಯ ಉಡುಪನ್ನೇ ಹೊಲಿಯುತ್ತಾ ದೊಡ್ಡವಳಾಗುತ್ತಿದ್ದಳು. ಮಾರುವ ಮಾತೇ ಇರಲಿಲ್ಲ.

ಇಲ್ಲಿ ನವಲಗುಂದದ ಮಾತು ನೆನಪಾಗುತ್ತದೆ. ಧಾರವಾಡ ಜಿಲ್ಲೆಯ ಆ ಊರಿನ ಪ್ರಸಿದ್ಧ ಜಮಖಾನಗಳನ್ನು ನೇಯುವವರು ಮುಸ್ಲಿಮ್ ಹೆಂಗಸರು. ಮನೆಯೊಳಗೇ ನೆಟ್ಟಗೆ ನಿಲ್ಲಿಸಿದ ಮಗ್ಗದಲ್ಲಿ ನೇಯುತ್ತಾರೆ. ವಿಜಾಪುರದ ಆದಿಲಶಾಹಿ ಕಾಲದಿಂದ ಬಂದ ಕಸುಬದು. ಹೆಣ್ಣುಮಕ್ಕಳಿಗೆ ಕಲಿಸಿದರೆ ಮದುವೆಯಾಗಿ ಹೋದ ಮನೆಗೆ ಗುಟ್ಟು ಹೋಗುತ್ತದೆಂದು ಅಲ್ಲಿ ಸೊಸೆಯಂದಿರಿಗೆ ಮಾತ್ರ ಕಲಿಸುತ್ತಿದ್ದರೆನ್ನಲಾಗುತ್ತದೆ. ಲಂಬಾಣಿ ತಾಯಿ ಮಗಳಿಗೆ ಕಲಿಸಿದಳು, ನವಲಗುಂದದ ತಾಯಿ ಮಗಳಿಗೇ ಕಲಿಸಲಿಲ್ಲ. ಕಾರಣವಿಷ್ಟೇ: ಜಮಖಾನ ಮಾರಾಟಕ್ಕಿತ್ತು, ಫೇಟಿಯಾ ಮಾರಾಟಕ್ಕಿರಲಿಲ್ಲ. ಬೆಲೆ ಬಂದ ಕೂಡಲೇ ತಾಯಿ ಮಗಳ ನಡುವೆ ಒಂದು ಬೇಲಿ ಏಳುತ್ತದೆ.

ಸಂಡೂರಿಗೂ ಬೆಲೆ ಬಂತು. 1980ರ ದಶಕದಲ್ಲಿ ಘೋರ್ಪಡೆ ಮನೆತನದವರ ಬೆಂಬಲದಿಂದ ಸಂಡೂರು ಕುಶಲಕಲಾ ಕೇಂದ್ರ ಆರಂಭವಾಯಿತು. ಸುಶೀಲಾನಗರದಂಥ ತಾಂಡಾಗಳ ಹೆಂಗಸರು ಪೇಟೆಯವರ ಕುರ್ತಾ, ಚೀಲ, ದಿಂಬಿನ ಚೀಲಗಳ ಮೇಲೆ ಅಜ್ಜಿಯ ಹೊಲಿಗೆ ಹಾಕತೊಡಗಿದರು. 2004ರಲ್ಲೂ 2012ರಲ್ಲೂ ಯುನೆಸ್ಕೋದ ಶ್ರೇಷ್ಠತೆಯ ಮನ್ನಣೆ ಸಿಕ್ಕಿತು. ಅದೇ ಅವಧಿಯಲ್ಲಿ ಸಂಡೂರಿನ ಬೆಟ್ಟಗಳು ಅದಿರಾಗಿ ಲಾರಿ ಹತ್ತಿದವು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕಿತು. ಆಗಲೂ ಸೂಜಿ ನಿಲ್ಲಲಿಲ್ಲ. ಈ ದುಡಿಮೆಯನ್ನು ಹಗುರವಾಗಿ ಕಾಣುವವರು ನಾವಲ್ಲ. ತನ್ನ ಹೆಸರಿನಲ್ಲೇ ನಾಲ್ಕು ಕಾಸು ಪಡೆದ ತಾಯಿಗೂ, ಗಂಡನ ಕೈ ನೋಡುವ ತಾಯಿಗೂ ಮಕ್ಕಳ ಶಾಲೆ, ಔಷಧಿಯ ವಿಷಯದಲ್ಲಿ ಎಷ್ಟು ವ್ಯತ್ಯಾಸವಿದೆಯೆಂಬುದು ಎಲ್ಲರಿಗೂ ತಿಳಿದದ್ದೇ.

ಆದರೆ ಪಕ್ಕದಲ್ಲಿ ಕುಳಿತ ಮಗುವಿನ ಪ್ರಶ್ನೆ ಉಳಿಯುತ್ತದೆ. ತುಂಡು ಬಟ್ಟೆಯ ಮೇಲೆ ಸೊಟ್ಟಗೆ ಹೊಲಿಗೆ ಹಾಕುವ ಆರು ವರ್ಷದ ಹುಡುಗಿ ಆಡುತ್ತಿದ್ದಾಳೆ, ಕಲಿಯುತ್ತಿದ್ದಾಳೆ. ಅದೇ ಹುಡುಗಿ ನಾಳೆ ಕಳಿಸಬೇಕಾದ ಆರ್ಡರಿನ ಕನ್ನಡಿ ಕೂರಿಸುತ್ತಿದ್ದರೆ ದುಡಿಯುತ್ತಿದ್ದಾಳೆ. ನೋಡುವವರಿಗೆ ಎರಡೂ ಒಂದೇ ಚಿತ್ರ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಂದ ತಿದ್ದುಪಡಿ ಹದಿನಾಲ್ಕರೊಳಗಿನ ಮಕ್ಕಳ ದುಡಿಮೆಯನ್ನು ನಿಷೇಧಿಸಿದರೂ, ಶಾಲೆಯ ನಂತರ ಮತ್ತು ರಜೆಯಲ್ಲಿ ಮನೆಯವರ ಉದ್ಯಮಕ್ಕೆ ನೆರವಾಗಲು ಅವಕಾಶವಿಟ್ಟಿದೆ. ಕಾಯ್ದೆ ಗೆರೆ ಎಳೆಯುವುದು ಶಾಲೆಯ ಗಂಟೆ ನೋಡಿ. ನಿಜವಾದ ಗೆರೆ ಇರುವುದು ಆ ಬಟ್ಟೆ ಯಾರಿಗಾಗಿ, ಯಾವ ದಿನದೊಳಗೆ ಎಂಬುದರಲ್ಲಿ. ತುಂಡಿಗಿಷ್ಟು ಎಂಬ ಕೂಲಿ ಸಾಲದಾದಾಗ ಮಗುವಿನ ಬೆರಳೂ ಲೆಕ್ಕಕ್ಕೆ ಬರುತ್ತದೆ. ತಾಯಿಗೆ ಸರಿಯಾದ ಕೂಲಿ ಸಿಕ್ಕರೆ ಮಗು ಮತ್ತೆ ಸೊಟ್ಟ ಹೊಲಿಗೆಗೆ ಮರಳುತ್ತದೆ. ಹಾಗಾಗಿ ಇದು ತಾಯಿಯ ಕೂಲಿಯ ಪ್ರಶ್ನೆಯೇ ಹೊರತು ತಾಯಿಯ ಪ್ರೀತಿಯ ಪ್ರಶ್ನೆಯಲ್ಲ. ಮನೆಯಲ್ಲಿ ಕುಳಿತು ದುಡಿಯುವವರನ್ನೂ ಕಾರ್ಮಿಕರೆಂದು ಕಾಣಬೇಕೆಂಬ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1996ರ ಒಡಂಬಡಿಕೆಯನ್ನು ಭಾರತ ಇನ್ನೂ ಅಂಗೀಕರಿಸಿಲ್ಲ.

ಮಾರಾಟಕ್ಕಲ್ಲದ ಹೊಲಿಗೆಯ ಗತಿ ಇನ್ನೂ ವಿಚಿತ್ರ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ, ಗಂಡಸರು 88 ನಿಮಿಷ ಕಳೆಯುತ್ತಾರೆ. ಮಕ್ಕಳ ಆರೈಕೆಗೆ ಬೇರೆಯೇ ಕಾಲಮು. ಕಾಲಲ್ಲಿ ತೊಟ್ಟಿಲು ತೂಗುತ್ತಾ ಕೈಯಲ್ಲಿ ಕುಲಾವಿ ಹೊಲಿಯುವವಳ ನಿಮಿಷವನ್ನು ಯಾವ ಕಾಲಮಿನಲ್ಲಿ ಬರೆಯುತ್ತಾರೋ ಸಮೀಕ್ಷಕರೇ ಹೇಳಬೇಕು.

2023ರ ಜುಲೈಯಲ್ಲಿ ಜಿ-20 ರಾಷ್ಟ್ರಗಳ ಸಂಸ್ಕೃತಿ ಸಭೆ ಹಂಪಿಯಲ್ಲಿ ನಡೆಯಿತು. ಅಲ್ಲಿ ಸಂಡೂರಿನ ಕೇಂದ್ರದ ಜೊತೆ ಸೇರಿದ 450ಕ್ಕೂ ಹೆಚ್ಚು ಲಂಬಾಣಿ ಹೆಂಗಸರು ಮಾಡಿದ 1755 ವಸ್ತುಗಳನ್ನು ಪ್ರದರ್ಶಿಸಲಾಯಿತು. ಲಂಬಾಣಿ ವಸ್ತುಗಳ ಅತಿ ದೊಡ್ಡ ಪ್ರದರ್ಶನವೆಂದು ಗಿನ್ನೆಸ್ ದಾಖಲೆಯಾಯಿತು. ಪತ್ರಿಕೆಗಳು ವಸ್ತುಗಳ ಸಂಖ್ಯೆಯನ್ನೂ ಹೆಂಗಸರ ಸಂಖ್ಯೆಯನ್ನೂ ಸರಿಯಾಗಿಯೇ ಬರೆದವು. ಆ ಹೆಂಗಸರಲ್ಲಿ ಎಷ್ಟು ಮಂದಿ ಎಳೆಮಕ್ಕಳನ್ನು ಪಕ್ಕದಲ್ಲಿ ಮಲಗಿಸಿಕೊಂಡು ಹೊಲಿದರೆಂದು ಯಾರೂ ಕೇಳಿದಂತಿಲ್ಲ.